ಅರವತ್ತೆರಡು ಚಿತ್ರ, ಒಂದು ಕಿವಿ: ಶಿರಸಿ ಕಡೆಯ ಹುಡುಗಿಯೊಬ್ಬಳ ಪೋರ್ಟ್‌ಫೋಲಿಯೊ

ಕಳೆದ ವರ್ಷ ಜೂನ್ ಮೊದಲ ಮಳೆಗೆ ಒಬ್ಬ ಹುಡುಗಿ ತನ್ನ ಆಯಿಯ, ಅಂದರೆ ಅಮ್ಮನ, ಜೊತೆ ನಮ್ಮ ಮನೆಗೆ ಬಂದಳು. ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವರು. ಹುಡುಗಿಯದು ಆಗಷ್ಟೇ ಪಿಯುಸಿ ಮುಗಿದಿತ್ತು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ನೆನೆಯಬಾರದು ಅಂತ ಅದರ ಮೇಲೆ ಗೊಬ್ಬರದ ಚೀಲ ಸುತ್ತಿದ್ದರು. ಒಳಗೆ 62 ಚಿತ್ರಗಳಿದ್ದವು.

ಹದಿನೈದು ದಿನದ ಹಿಂದೆ ಅವಳು ಒಂದು ಕಲಾ ಕಾಲೇಜಿನ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಸೀಟು ಸಿಗಲಿಲ್ಲ. ಒಳಗೆ ಕೂತದ್ದು ನಾಲ್ಕು ನಿಮಿಷವಂತೆ. ಒಂದೊಂದು ಹಾಳೆ ತಿರುಗಿಸಿದಾಗಲೂ ಒಂದೇ ಪ್ರಶ್ನೆ. "ಇದು ಯಾವ ಫೋಟೊ ನೋಡಿ ಮಾಡಿದ್ದು?" ಐದು ಸಲ ಕೇಳಿದರು. ಆರನೆಯ ಹಾಳೆ ತಿರುಗಿಸಲೇ ಇಲ್ಲ.

"ಮಾಸ್ತರೇ, ಚಿತ್ರ ಚೆನ್ನಾಗಿಲ್ವಾ? ಊರಲ್ಲಿ ಎಲ್ಲರೂ ಚೆನ್ನಾಗಿದೆ ಅಂತಾರಲ್ಲ" ಅಂದರು ಆಯಿ.

ಚೆನ್ನಾಗಿದ್ದವು. ಆಯಿಗೆ ವಿವರಿಸಿ ಹೇಳುವುದು ಕಷ್ಟವಾದದ್ದೂ ಅದಕ್ಕೇ.

ಚಿತ್ರಕಲೆಗೆ ಹೋಗಬೇಕು ಅಂತ ಹಠ ಹಿಡಿದ ಮಕ್ಕಳು ನಮ್ಮ ಕಡೆ ಪ್ರತಿ ವರ್ಷ ಇದೇ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಕೈ ಚೆನ್ನಾಗಿರುತ್ತದೆ, ಶ್ರಮ ಇರುತ್ತದೆ, ಮನೆಯವರನ್ನೂ ಹೇಗೋ ಒಪ್ಪಿಸಿರುತ್ತಾರೆ. ಪೋರ್ಟ್‌ಫೋಲಿಯೊ, ಅಂದರೆ ತೋರಿಸಲು ಆರಿಸಿ ಜೋಡಿಸಿದ ಚಿತ್ರಗಳ ಕಟ್ಟು, ಹೇಗೆ ಕಟ್ಟಬೇಕು ಅಂತ ಹೇಳುವವರು ಮಾತ್ರ ಯಾರೂ ಇರುವುದಿಲ್ಲ. ಅದಕ್ಕೇ ಈ ಒಂದು ವರ್ಷದ ಕಥೆಯನ್ನು ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಚೀಲದೊಳಗೆ ಏನಿತ್ತು

ಎಲ್ಲ ಹಾಳೆಗಳನ್ನೂ ಜಗಲಿಯ ಮೇಲೆ ಹರಡಿದೆವು. ಸಿನಿಮಾ ನಟರ, ದೊಡ್ಡ ವ್ಯಕ್ತಿಗಳ ಪೆನ್ಸಿಲ್ ಮುಖಗಳು 23. ಮಂಡಲಗಳು 11. ಪೋಸ್ಟರ್ ಕಲರಿನ ಸೂರ್ಯಾಸ್ತಗಳು 9. ಯಕ್ಷಗಾನದ ಮುಖಗಳು 6. ಬುದ್ಧ, ನವಿಲು, ಕಣ್ಣೀರು ತುಂಬಿದ ಕಣ್ಣು, ಕೊಡೆ ಹಿಡಿದ ಜೋಡಿ, ಹೀಗೆ ಉಳಿದವು. ಕಣ್ಣೆದುರು ಇರುವುದನ್ನು ನೋಡಿ ಬಿಡಿಸಿದ್ದು ಒಂದಾದರೂ ಇದೆಯಾ ಅಂತ ಹುಡುಕಿದೆ. ಒಂದೂ ಇರಲಿಲ್ಲ.

ಅವುಗಳಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಅಪ್ಪು ಅವರ ಚಿತ್ರ. 2021ರ ಅಕ್ಟೋಬರ್ ನಂತರ ಕರ್ನಾಟಕದಲ್ಲಿ ಪೆನ್ಸಿಲ್ ಹಿಡಿದ ಎಷ್ಟು ಮಕ್ಕಳು ಪುನೀತ್ ರಾಜ್‌ಕುಮಾರ್ ಮುಖ ಬಿಡಿಸಿದರೋ ಲೆಕ್ಕವಿಲ್ಲ. ಅದರ ಹಿಂದೆ ನಿಜವಾದ ಪ್ರೀತಿ ಇದೆ, ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಎ3 ಹಾಳೆ, ಫೋಟೊ ಮೇಲೆ ಚೌಕ ಎಳೆದು ಅಳತೆ ತೆಗೆದದ್ದು, 26 ಗಂಟೆಯ ಕೆಲಸ. ನಗುವಾಗ ತುಟಿಯ ಅಂಚು ಮೇಲೇಳುವುದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಕಿವಿ ಮಾತ್ರ ಕಪ್ಪು ಮುದ್ದೆ. ಯಾಕೆ ಹೀಗೆ ಅಂತ ಕೇಳಿದೆ. "ಫೋಟೊದಲ್ಲಿ ಅಲ್ಲಿ ನೆರಳಿತ್ತು ಸರ್" ಅಂದಳು.

"ಆಯಿ ಇಲ್ಲೇ ಕೂತಿದ್ದಾರಲ್ಲ, ಇದೇ ಪೆನ್ಸಿಲಲ್ಲಿ ಅವರನ್ನು ಬಿಡಿಸು ತಂಗಿ. ನಲವತ್ತು ನಿಮಿಷ ಸಾಕು" ಅಂದೆ.

ಮೊದಲ ಹತ್ತು ನಿಮಿಷ ಅವಳ ಕೈ ಏಳಲಿಲ್ಲ. ಚೌಕ ಇಲ್ಲ. ಆಯಿ ಸುಮ್ನೆ ಕೂರುತ್ತಲೂ ಇಲ್ಲ, ಮಾತಾಡುತ್ತಾರೆ, ಅಂಗಳದ ಕಡೆ ತಿರುಗುತ್ತಾರೆ. ಮೂಗು ಉದ್ದವಾಯಿತು, ಗದ್ದ ಚಿಕ್ಕದಾಯಿತು. ಕಿವಿಯ ಹತ್ತಿರ ಬಂದಾಗ ಅವಳು ನಿಂತೇಬಿಟ್ಟಳು. ಎದ್ದು ಆಯಿಯ ಪಕ್ಕಕ್ಕೆ ಹೋಗಿ ನೋಡಿದಳು. ಓಲೆಯ ಭಾರಕ್ಕೆ ತೂತು ಉದ್ದಕ್ಕೆ ಜಗ್ಗಿತ್ತು. ಹಾಲೆಯ ಹಿಂದೆ ಒಂದು ಮಡಿಕೆ. ಬಂದು ಕೂತು ಅದೊಂದನ್ನೇ ಹಾಳೆಯ ಅಂಚಲ್ಲಿ ಐದು ಸಲ ಬಿಡಿಸಿದಳು. ಐದನೆಯದು ಕಿವಿಯಾಗಿತ್ತು. ಆಯಿಯ ಕಿವಿಯೇ ಆಗಿತ್ತು.

"ಸರ್, ಇಷ್ಟು ವರ್ಷ ಆಯಿ ಕಿವಿ ನೋಡೇ ಇರಲಿಲ್ಲ ನಾನು."

ಸಂದರ್ಶನದಲ್ಲಿ ಯಾಕೆ ಹಾಗೆ ಕೇಳಿದರು ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ. ಫೋಟೊ ನೋಡಿ ಬಿಡಿಸುವಾಗ ಅರ್ಧ ಕೆಲಸವನ್ನು ಕ್ಯಾಮೆರಾ ಮೊದಲೇ ಮಾಡಿರುತ್ತದೆ. ಎಲ್ಲಿ ನಿಂತು ನೋಡಬೇಕು, ಎಷ್ಟು ಒಳಗೆ ಬರಬೇಕು, ಎಷ್ಟು ಹೊರಗಿರಬೇಕು, ಉಬ್ಬುತಗ್ಗನ್ನು ಚಪ್ಪಟೆ ಮಾಡುವುದು ಹೇಗೆ, ಎಲ್ಲವೂ ಅದರ ತೀರ್ಮಾನ. ಉಳಿದದ್ದು ತಾಳ್ಮೆ. ತಾಳ್ಮೆ ದೊಡ್ಡ ಗುಣ, ಸಂಶಯವಿಲ್ಲ. ಆದರೆ ನಾಲ್ಕು ವರ್ಷ ಕಲಿಸಬೇಕಾದ ಮೇಷ್ಟ್ರಿಗೆ ಈ ಮಗುವಿನ ಕಣ್ಣು ಹೇಗಿದೆ ಅಂತ ಗೊತ್ತಾಗಬೇಕು. 62 ಹಾಳೆಯಲ್ಲಿ ಅವಳ ಕಣ್ಣು ಎಲ್ಲೂ ಕಾಣುತ್ತಿರಲಿಲ್ಲ.

ಇನ್ನೊಂದು ಮಾತು. ಹೆಚ್ಚಿನ ಕಾಲೇಜುಗಳಲ್ಲಿ ಪೋರ್ಟ್‌ಫೋಲಿಯೊ ಜೊತೆ ಒಂದು ಆಪ್ಟಿಟ್ಯೂಡ್ ಪರೀಕ್ಷೆಯೂ ಇರುತ್ತದೆ. ಎದುರಿಗೆ ಇಟ್ಟ ವಸ್ತುವನ್ನೋ ನೆನಪಿನಿಂದ ಒಂದು ದೃಶ್ಯವನ್ನೋ ಅಲ್ಲೇ ಕೂತು ಬಿಡಿಸಬೇಕು. ಚೀಲದಲ್ಲಿ ಫೋಟೊದಂಥ ಮುಖ, ಪರೀಕ್ಷೆಯ ಹಾಳೆಯಲ್ಲಿ ಕಡ್ಡಿ ಕಾಲಿನ ಮನುಷ್ಯರು ಇದ್ದರೆ ನೋಡುವವರಿಗೆ ಅನುಮಾನ ಬಂದೇ ಬರುತ್ತದೆ.

ಒಂದು ವರ್ಷ

ಅವಳ ಅಪ್ಪನಿಗೆ ಇದು ಇಷ್ಟವಿರಲಿಲ್ಲ. ಒಂದು ವರ್ಷ ಸುಮ್ನೆ ಹೋಗುತ್ತದಲ್ಲ ಅನ್ನುವುದು ಅವರ ಚಿಂತೆ. ಕೂಲಿ ಕೆಲಸದ ಮನೆ, ಆ ಚಿಂತೆ ಸಹಜ. ಕೊನೆಗೆ ಒಂದು ಒಪ್ಪಂದವಾಯಿತು. ಅವಳು ಆಯಿಯ ಜೊತೆ ಕೆಲಸಕ್ಕೆ ಹೋಗುವುದು, ವಾರಕ್ಕೆ ಎರಡು ದಿನ ಶಿರಸಿಗೆ ನನ್ನ ಹತ್ತಿರ ಬರುವುದು. ಈ ಒಪ್ಪಂದವೇ ಮುಂದೆ ಅವಳ ಪೋರ್ಟ್‌ಫೋಲಿಯೊ ಆಯಿತು.

ಮೊದಲ ಮೂರು ತಿಂಗಳು ಬರೀ ಪೆನ್ನು. ರಬ್ಬರ್ ಮನೆಯಲ್ಲೇ ಬಿಟ್ಟು ಬಾ ಅಂದಿದ್ದೆ. ದಿನಕ್ಕೆ ಇಪ್ಪತ್ತು ಸ್ಕೆಚ್, ಒಂದಕ್ಕೆ ಒಂದೇ ನಿಮಿಷ. ಬಸ್‌ಸ್ಟ್ಯಾಂಡಿನಲ್ಲಿ ಹಳ್ಳಿ ಬಸ್ಸಿಗೆ ಕಾಯುವವರು, ಮೀನು ಮಾರುವ ಹೆಂಗಸರು, ಕೊಟ್ಟಿಗೆಯ ದನ. ಮೊದಲ ವಾರ ಒಂದು ನಿಮಿಷದಲ್ಲಿ ತಲೆ ಮಾತ್ರ ಮುಗಿಯುತ್ತಿತ್ತು. ಮನುಷ್ಯ ಅಂದರೆ ಮುಖ ಅಂತ ಕೈಗೆ ಅಭ್ಯಾಸವಾಗಿತ್ತು. ಬೆನ್ನು, ಮೊಣಕಾಲು, ನೆಲಕ್ಕೆ ಊರಿದ ಪಾದ ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಆಗ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಪ್ರಿಂಟ್ ಎದುರಿಗಿಟ್ಟೆ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು. ಅವರ ನರ್ತಕಿಯರನ್ನು ನೋಡಿದರೆ ನಾಲ್ಕೈದು ಗೆರೆಗಿಂತ ಜಾಸ್ತಿ ಇಲ್ಲವೇನೋ ಅನ್ನಿಸುತ್ತದೆ. ಆದರೂ ಸೊಂಟದ ಭಾರ ಯಾವ ಕಾಲಿನ ಮೇಲಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. "ಗೆರೆ ಎಲ್ಲಿ ಶುರುವಾಗಿದೆ, ಎಲ್ಲಿ ಪೆನ್ನು ಎತ್ತಿದ್ದಾರೆ, ಹುಡುಕು" ಅಂದೆ. ಒಂದು ಮಧ್ಯಾಹ್ನ ಪೂರ್ತಿ ಬೆರಳಿಂದ ಆ ಗೆರೆಗಳ ಮೇಲೆ ಓಡಾಡಿದಳು. ಮರುವಾರ ತಂದ ಸ್ಕೆಚ್‌ಗಳಲ್ಲಿ ಜನರಿಗೆ ಕಾಲು ಬಂದಿತ್ತು.

ಯಕ್ಷಗಾನದ ಆರು ಮುಖ ಬಿಡಿಸಿದ್ದಳಲ್ಲ, ಆರೂ ಗೂಗಲ್‌ನಿಂದ ತೆಗೆದ ಫೋಟೊಗಳವು. ಊರಲ್ಲೇ ಆಟ ಆಗುತ್ತದೆ. ಡಿಸೆಂಬರಲ್ಲಿ ಒಂದು ಆಟಕ್ಕೆ ಹೋಗಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತಳು. ಕಲಾವಿದರು ನೆಲದ ಮೇಲೆ ಕೂತು, ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದನ್ನು ಸ್ಕೆಚ್ ಮಾಡಿದಳು. ಅರ್ಧ ಮುಖಕ್ಕೆ ಬಣ್ಣ, ಅರ್ಧ ಇನ್ನೂ ಖಾಲಿ. ಹಿಂದೆ ಗೋಡೆಗೆ ಒರಗಿಸಿದ ಕಿರೀಟ. ಆ ರಾತ್ರಿಯ ಎರಡು ಹಾಳೆ ಕೊನೆಯವರೆಗೂ ಉಳಿದವು.

ಇನ್ನು ಅಡಿಕೆ.

ನಮ್ಮಲ್ಲಿ ಕೊಯ್ಲು ಶುರುವಾದರೆ ಚಳಿಗಾಲವಿಡೀ ಮನೆ ಮನೆಯಲ್ಲಿ ಸುಲಿಯುವ ಕೆಲಸ. ಮಣೆಗೆ ಕೂರಿಸಿದ ಕತ್ತಿಯ ಮುಂದೆ ಸಾಲಾಗಿ ಕೂತು ಹಸಿ ಅಡಿಕೆಯ ಸಿಪ್ಪೆ ತೆಗೆಯುತ್ತಾರೆ. ಸುಲಿದದ್ದನ್ನು ಅಳೆದು ಕೂಲಿ. ಎಷ್ಟೋ ಸಲ ರಾತ್ರಿ ಹತ್ತಾಗುತ್ತದೆ. ಸುಲಿಯುತ್ತ ಕೂತವಳಿಗೆ ಚಿತ್ರ ಬಿಡಿಸಲು ಕೈ ಬಿಡುವಿಲ್ಲ. ಬೆರಳು ಬೇರೆ ಕಪ್ಪಾಗಿ ಅಂಟುತ್ತಿರುತ್ತದೆ. "ಇನ್ನೆರಡು ತಿಂಗಳು ಏನೂ ಆಗಲ್ಲ ಸರ್" ಅಂತ ಅಳುವ ದನಿಯಲ್ಲಿ ಫೋನ್ ಮಾಡಿದಳು.

"ಮನೆಗೆ ಹೋಗಿ ಮಲಗುವ ಮೊದಲು ಒಂದೇ ಒಂದು ಚಿತ್ರ, ನೆನಪಿಂದ. ತಪ್ಪಾದರೂ ಪರವಾಗಿಲ್ಲ" ಅಂದೆ.

ತಪ್ಪಾಯಿತು. ಮೊದಲ ರಾತ್ರಿಯ ಚಿತ್ರದಲ್ಲಿ ಕತ್ತಿಯ ಬಾಗು ತಿರುಗುಮುರುಗಾಗಿತ್ತು. ವರ್ಷಗಟ್ಟಲೆ ಹಿಡಿದ ಕತ್ತಿ ಅದು! ಮರುದಿನ ಸುಲಿಯುತ್ತಲೇ ಗಮನಿಸಿದಳು. ಎರಡನೇ ರಾತ್ರಿ ಕತ್ತಿ ಸರಿಯಾಯಿತು, ಹೆಬ್ಬೆರಳು ತಪ್ಪಿತು. ಅಡಿಕೆಯನ್ನು ಕತ್ತಿಗೆ ಒತ್ತುವ ಕೈ ಯಾವುದು, ತಿರುಗಿಸುವ ಬೆರಳು ಯಾವುದು, ಸಿಪ್ಪೆ ಬಿದ್ದ ಮೇಲೆ ಕೈ ಎಲ್ಲಿಗೆ ಹೋಗುತ್ತದೆ. ಒಂಬತ್ತನೇ ರಾತ್ರಿಯ ಹೊತ್ತಿಗೆ ಆ ಕೈಗಳು ನಿಜವಾಗಿಯೂ ಸುಲಿಯುತ್ತಿದ್ದವು. ನೆನಪಿನಿಂದ ಬಿಡಿಸುವ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಯಾರಿಯನ್ನು ನಾನು ಯೋಚಿಸಿಯೂ ಕೊಡುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಬಾಟಲಿಯಲ್ಲಿ ಚೊಗರು ತಂದಳು. ಸುಲಿದ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು. ಅಡಿಕೆಗೆ ಬಣ್ಣ ಬರುವುದೂ ಅದರಿಂದಲೇ. "ಬಟ್ಟೆಗೆ ಬಿದ್ದರೆ ಹೋಗಲ್ಲ ಸರ್, ಹಾಳೆಗೆ ಹಚ್ಚಿದ್ರೆ?" ಅಂದಳು. ನೋಡೇಬಿಡೋಣ ಅಂದೆ. ತೆಳ್ಳಗೆ ಹಚ್ಚಿದರೆ ಚಹಾ ಬಣ್ಣ, ಮೇಲೆ ಮೇಲೆ ಹಚ್ಚಿದರೆ ಒಣಗಿದ ರಕ್ತದ ಬಣ್ಣ. ಅದರಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಇದೆ. ಹಾಗಾಗಿ ತುಕ್ಕು ಹಿಡಿದ ಮೊಳೆ ಹಾಕಿ ಇಡು ಅಂದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದಿನ ಕಾಲದ ಎಷ್ಟೋ ಶಾಯಿಗಳು ಇದೇ ರೀತಿ ಆಗಿದ್ದು. ಎರಡು ದಿನ ಬಿಟ್ಟು ನೋಡಿದರೆ ಕರಿ ನೇರಳೆಯಂಥ ಒಂದು ಕಪ್ಪು. ಒಂದೇ ಹಂಡೆಯಿಂದ ಎರಡು ಬಣ್ಣ ಬಂದವು. ಅವಳು ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು, 15×22 ಇಂಚಿನ ದಪ್ಪ ಹಾಳೆಯ ಮೇಲೆ ಆ ಕೈಗಳನ್ನು ಬರೆಯಲು ಶುರುಮಾಡಿದಳು. ಒಟ್ಟು ಒಂಬತ್ತು ಹಾಳೆ.

ಆ ಹೊತ್ತಿಗೆ ಬಂಗಾಳದ ಕಲಾವಿದ ನಂದಲಾಲ್ ಬೋಸರ ಹರಿಪುರ ಚಿತ್ರಗಳನ್ನೂ ತೋರಿಸಿದೆ. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿ ಕೇಳಿಕೊಂಡರು ಅಂತ ಮಾಡಿದ ಚಿತ್ರಗಳು ಅವು. ಡೋಲು ಬಾರಿಸುವವನು, ಬಟ್ಟೆ ಹೊಲಿಯುವವನು, ಅಡುಗೆ ಮಾಡುವವಳು. ಕೆಲಸ ಮಾಡುವ ಮಾಮೂಲಿ ಜನ. ನಮ್ಮ ಮನೆಯ ಕೂಲಿ ಕೆಲಸ ಚಿತ್ರಕ್ಕೆ ಯೋಗ್ಯವೇ ಅನ್ನುವ ಅಳುಕು ಅವಳೊಳಗೆ ಇತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆ ಚಿತ್ರಗಳನ್ನು ನೋಡಿದ ಮೇಲೆ ಆಯಿಯನ್ನು ಬಿಡಿಸುವಾಗ ಹಳೇ ಸೀರೆಯನ್ನು ಮರೆಮಾಡುವುದನ್ನು ಬಿಟ್ಟಳು.

ಬೇಡ ಅಂದದ್ದು

ಈ ನಡುವೆ ಸಲಹೆ ಕೊಡುವವರು ಬಹಳ ಮಂದಿ. ಅದರಲ್ಲಿ ಎಲ್ಲರೂ ಹೇಳಿದ್ದು ಒಂದೇ: ನಮ್ಮ ಶಿರಸಿಯದೇ ಕಾವಿ ಕಲೆ ಇದೆಯಲ್ಲ, ಅದನ್ನು ಹಾಕಿಸಿ, ಸಂದರ್ಶನದಲ್ಲಿ ಮೆಚ್ಚುತ್ತಾರೆ. ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಚಿತ್ರಗಳಿವೆ, ನಮಗೆಲ್ಲ ಅದರ ಬಗ್ಗೆ ಹೆಮ್ಮೆ. ಅವಳಿಗೂ ಆಸೆಯಾಯಿತು.

ನಾನು ಬೇಡ ಅಂದೆ. ಕಾವಿ ಅಂದರೆ ಬರೀ ಕೆಂಪು ಬಿಳಿ ವಿನ್ಯಾಸ ಅಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿ ಇರುವಾಗಲೇ ಚೂಪು ಮೊನೆಯ ಕಡ್ಡಿಯಿಂದ ಕೆರೆದು ಒಳಗಿನ ಬಿಳುಪನ್ನು ಹೊರಗೆ ತರುವ ಕೆಲಸ. ಗೋಡೆ, ಸುಣ್ಣ, ಹೊತ್ತು, ಎಲ್ಲವೂ ಅದರಲ್ಲಿ ಸೇರಿದೆ. ಇವಳು ಒಂದು ದಿನವೂ ಗಾರೆ ಕೆರೆದವಳಲ್ಲ. ಡ್ರಾಯಿಂಗ್ ಶೀಟ್ ಮೇಲೆ ಕೆಂಪು ಪೋಸ್ಟರ್ ಕಲರಲ್ಲಿ ಅದರ ಬಳ್ಳಿ ನಕಲು ಮಾಡಿದರೆ ಮತ್ತೆ ಫೋಟೊ ನೋಡಿ ಬಿಡಿಸಿದ ಹಾಗೇ ಆಗುತ್ತದೆ. ಅವಳು ಕಾವಿ ಕಲಿತಿದ್ದರೆ ಮೊದಲ ಹಾಳೆಯಾಗಿ ಅದನ್ನೇ ಇಡಿಸುತ್ತಿದ್ದೆ. ಊರಿನ ಕಲೆಯನ್ನು ಹಣೆಪಟ್ಟಿಯ ಹಾಗೆ ಅಂಟಿಸಿಕೊಂಡು ಹೋಗುವುದು ಆ ಕಲೆಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಈ ಮಾತಲ್ಲಿ ನಾನು ಇವತ್ತಿಗೂ ಗಟ್ಟಿ.

ಮಾರ್ಚ್ ಕೊನೆಗೆ ಆರು ಸ್ಕೆಚ್‌ಬುಕ್ ತುಂಬಿದ್ದವು. ದೊಡ್ಡ ಹಾಳೆಗಳು 41. ಮತ್ತೆ ಜಗಲಿಯ ಮೇಲೆ ಹರಡಿದೆವು. ಆರಿಸುವುದಕ್ಕೆ ಮೂರು ಭಾನುವಾರ ಬೇಕಾಯಿತು. ಬಿಡಿಸುವುದಕ್ಕಿಂತ ಬಿಡುವುದೇ ಕಷ್ಟ. ಅಚ್ಚುಕಟ್ಟಾಗಿ ಮುಗಿಸಿದ ಒಂದು ದೀಪದ ಕಂಬದ ಚಿತ್ರವಿತ್ತು. ಹೊಳಪು, ನೆರಳು ಎಲ್ಲ ಸರಿ. ಪಕ್ಕದಲ್ಲಿ ಅಡಿಕೆ ಗೊನೆ ಕೊಯ್ಯಲು ಮರ ಹತ್ತಿದ ಮಾವನ ಚಿತ್ರ. ಅದರಲ್ಲಿ ಬೆನ್ನಿನ ಗೆರೆ ಮೂರು ಸಲ ತಿದ್ದಿದ್ದು ಹಾಗೇ ಕಾಣುತ್ತಿತ್ತು. ಮಾವ ಮೇಲೆ ಹತ್ತುತ್ತಲೇ ಇದ್ದರು, ಇವಳು ಕೆಳಗಿಂದ ಹಿಡಿಯುತ್ತಲೇ ಇದ್ದಳು, ಆ ಓಟ ಹಾಳೆಯಲ್ಲಿ ಉಳಿದಿತ್ತು. ದೀಪ ಹೊರಗೆ, ಮಾವ ಒಳಗೆ.

ಅಪ್ಪು ಚಿತ್ರಕ್ಕೆ ಮಾತ್ರ ನಮ್ಮಿಬ್ಬರಿಗೂ ವಾದವಾಯಿತು. ತೆಗೆಯಲೇಬೇಕು ಅಂತ ನಾನು. ಅವಳು ಸುಮ್ಮನಿದ್ದು, ಮುಂದಿನ ವಾರ ಬಂದು, ಒಂದೇ ಹಲಗೆಯ ಮೇಲೆ ಎಡಕ್ಕೆ ಅಪ್ಪು ಮುಖ, ಬಲಕ್ಕೆ ಆ ಮೊದಲ ದಿನದ ಆಯಿಯ ಚಿತ್ರ, ಅಂಚಿನ ಐದು ಕಿವಿಗಳ ಸಮೇತ, ಜೋಡಿಸಿ ತೋರಿಸಿದಳು. "ಇಲ್ಲಿಂದ ಇಲ್ಲಿಗೆ ಬಂದೆ ಅಂತ ಹೇಳ್ತೀನಿ ಸರ್" ಅಂದಳು. ಅವಳು ಹೇಳಿದ್ದೇ ಸರಿ. ನಾನು ಒಪ್ಪಿದೆ.

ಕೊನೆಗೆ 16 ಹಾಳೆ. ಮೊದಲಿಗೆ ಅತಿ ಗಟ್ಟಿಯಾದ ಒಂದು ಕೈಯ ಚಿತ್ರ. ನಂತರ ಬಸ್‌ಸ್ಟ್ಯಾಂಡ್, ಚೌಕಿ, ಮರ ಹತ್ತುವ ಮಾವ, ಕೊಟ್ಟಿಗೆ. ನಡುವೆ ಅಪ್ಪು ಮತ್ತು ಆಯಿ. ಆಮೇಲೆ ಚೊಗರಿನ ಇನ್ನೈದು ಹಾಳೆ ಒಟ್ಟಿಗೆ. ಬಣ್ಣದ್ದು ಮೂರೇ, ಅವು ಅಷ್ಟು ಚೆನ್ನಾಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಸಮಯ ಇರಲಿಲ್ಲ. ಜೊತೆಗೆ ಎರಡು ಸ್ಕೆಚ್‌ಬುಕ್, ಹಾಳೆ ಹರಿಯದೆ, ಕೆಟ್ಟದ್ದನ್ನೂ ತೆಗೆಯದೆ. ಸ್ಕೆಚ್‌ಬುಕ್ಕಲ್ಲಿ ಮಗು ದಿನಾ ಕೆಲಸ ಮಾಡಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಕಟ್ಟುವ ಕೆಲಸ ಬೇಗ ಮುಗಿಯಿತು. ಹೊಳೆಯುವ ಪ್ಲಾಸ್ಟಿಕ್ ಕವರ್ ಬೇಡ ಅಂದೆ, ಟ್ಯೂಬ್‌ಲೈಟ್ ಬೆಳಕಲ್ಲಿ ಚಿತ್ರಕ್ಕಿಂತ ಅದೇ ಜಾಸ್ತಿ ಕಾಣುತ್ತದೆ. ಇದ್ದಿಲಿನ ಚಿತ್ರಗಳಿಗೆ ಪುಡಿ ಉದುರದ ಹಾಗೆ ಫಿಕ್ಸೆಟಿವ್ ಹೊಡೆದು, ನಡುವೆ ಬಟರ್ ಪೇಪರ್ ಇಟ್ಟೆವು. ಪ್ರತಿ ಹಾಳೆಯ ಹಿಂದೆ ಪೆನ್ಸಿಲಲ್ಲಿ ಮಾಧ್ಯಮ, ಅಳತೆ, ತಿಂಗಳು, ತಗೊಂಡ ಹೊತ್ತು. ಆನ್‌ಲೈನ್ ಅರ್ಜಿಗೆ ಫೋಟೊ ಬೇಕಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ, ಬಿಸಿಲು ನೇರ ಬೀಳದ ಜಗಲಿಯಲ್ಲಿ, ಹಾಳೆಯನ್ನು ಗೋಡೆಗೆ ನೇರ ಅಂಟಿಸಿ, ಅವಳ ಅಣ್ಣನ ಫೋನಿನಲ್ಲಿ ತೆಗೆದೆವು. ಫ್ಲ್ಯಾಶ್ ಇಲ್ಲ, ಫಿಲ್ಟರ್ ಇಲ್ಲ. ಹಾಳೆ, ಬೋರ್ಡು, ಎಲ್ಲ ಸೇರಿ ಇಡೀ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಅವಳು ಅಡಿಕೆ ಸುಲಿದ ಕೂಲಿಯದೇ ದುಡ್ಡು.

ಮಾತಾಡುವ ಅಭ್ಯಾಸವನ್ನೂ ಮಾಡಿಸಿದೆ. ಇಂಗ್ಲಿಷಲ್ಲಿ ಕೇಳಿದರೆ ಏನು ಗತಿ ಅನ್ನುವ ಹೆದರಿಕೆ ಅವಳಿಗೆ. ಕಲೆಯ ಬಗ್ಗೆ ದೊಡ್ಡ ಮಾತು ಬೇಡ, ಏನು ಮಾಡಿದೆ, ಯಾಕೆ ಮಾಡಿದೆ ಅಂತ ಕನ್ನಡದಲ್ಲೇ ನೇರವಾಗಿ ಹೇಳು ಅಂದೆ. ನಮ್ಮ ಮಕ್ಕಳಿಗೆ ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಇನ್ನೂ ದೂರ ಹೋಗುವವರಿಗೆ ಬರೋಡಾ, ಶಾಂತಿನಿಕೇತನ. ಒಂದೊಂದು ಕಡೆ ಕೇಳುವುದು ಒಂದೊಂದು ರೀತಿ, ಆಯಾ ವರ್ಷದ ಪ್ರಾಸ್ಪೆಕ್ಟಸ್ ಪೂರ್ತಿ ಓದಲೇಬೇಕು. ಇವಳು ಎರಡು ಕಡೆ ಅರ್ಜಿ ಹಾಕಿದಳು.

ಈ ಜೂನ್

ಮೊದಲ ಕಾಲೇಜಿನಲ್ಲಿ ನೆನಪಿನಿಂದ ಬಿಡಿಸಲು ಕೊಟ್ಟ ವಿಷಯ ಸಂತೆ. ಬಗ್ಗಿದವರು, ಹೊತ್ತವರು, ತೂಗುವ ಕೈಗಳು, ಎಲ್ಲ ತಾನಾಗಿ ಬಂತಂತೆ. ಸಂದರ್ಶನ ಇಪ್ಪತ್ತೈದು ನಿಮಿಷ. ಚೊಗರಿನ ಹಾಳೆಗಳನ್ನು ಮೇಜಿನಿಂದ ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದರು. ಒಬ್ಬರು ಹಾಳೆಯನ್ನು ಮೂಸಿದರು. ಇದು ಏನು ಬಣ್ಣ ಅಂತ ಕೇಳಿದರು. ಅವಳು ಹಂಡೆಯಿಂದ ಹಿಡಿದು ಮೊಳೆಯವರೆಗೆ ಕನ್ನಡದಲ್ಲೇ ಹೇಳಿದಳು. ಅಪ್ಪು ಮತ್ತು ಆಯಿಯ ಹಲಗೆಯ ಮುಂದೆ ಬಹಳ ಹೊತ್ತು ನಿಂತರಂತೆ. ಅಲ್ಲಿ ಸೀಟು ಸಿಕ್ಕಿತು.

ಎರಡನೆಯ ಕಡೆ ಸಿಗಲಿಲ್ಲ. ಗೆರೆ ಗಟ್ಟಿ ಇದೆ, ಬಣ್ಣದ ತಿಳಿವಳಿಕೆ ಸಾಲದು ಅಂದರಂತೆ. ನ್ಯಾಯವಾದ ಮಾತು. ಆ ಮೂರು ಬಣ್ಣದ ಹಾಳೆಗಳಲ್ಲಿ ಎಲೆ ಅಂದರೆ ಬಾಟಲಿಯಿಂದ ತೆಗೆದ ಹಸಿರು, ಅದಕ್ಕೆ ಬಿಳಿ ಸೇರಿಸಿದರೆ ಇನ್ನೊಂದು ಹಸಿರು, ಅಷ್ಟೇ ಇತ್ತು. ವರ್ಷದ ಮೊದಲೇ ನಾನು ಅತ್ತ ಗಮನ ಕೊಡಬೇಕಿತ್ತು.

ಈಗ ಮೊದಲ ಸೆಮಿಸ್ಟರ್. ಬಣ್ಣದ ತರಗತಿಯೇ ಕಷ್ಟ ಅಂತ ಫೋನಿನಲ್ಲಿ ಹೇಳುತ್ತಾಳೆ. ಕಳೆದ ಭಾನುವಾರ ಊರಿಗೆ ಬಂದವಳು ತೋಟದಲ್ಲಿ ಕೂತು ಒಂದು ಹಾಳೆ ಮಾಡಿ ಫೋಟೊ ಕಳಿಸಿದಳು. ಅಡಿಕೆ ಗೊನೆಯ ಏಳು ಹಸಿರು, ಚೌಕ ಚೌಕವಾಗಿ. ಬಿಸಿಲು ಬಿದ್ದ ಕಾಯಿ, ನೆರಳಿನ ಕಾಯಿ, ತೊಟ್ಟು, ಪಾಚಿ ಕಟ್ಟಿದ ಮರ. ಬಾಟಲಿಯ ಹಸಿರು ಒಂದರಲ್ಲೂ ಇಲ್ಲ, ನೀಲಿ ಹಳದಿ ಬೆರೆಸಿ ಸ್ವಲ್ಪ ಕೆಂಪು ಮುಟ್ಟಿಸಿದ್ದು. ನಾಲ್ಕನೆಯ ಹಸಿರು ಇನ್ನೂ ತಣ್ಣಗಾಗಬೇಕು, ನೀಲಿಯ ಕಡೆ ಸರಿಯಬೇಕು ಅಂತ ಬರೆದೆ. ಸಂಜೆಯೊಳಗೆ ಅದೊಂದನ್ನೇ ಮತ್ತೆ ಐದು ಸಲ ಮಾಡಿ ಕಳಿಸಿದಳು.